ಬಾಗಿಲಿನ ಬೇವು

"ಗುರುಗಳೇ, ಮರುಳಯ್ಯನನ್ನು ಮಠದಿಂದ ಯಾವಾಗ ಹೊರಗೆ ಹಾಕುತ್ತೀರಿ?" ಎಂದು ಶಿಷ್ಯ ಕೇಳಿದ.

ಮಠದ ತಾಮ್ರದ ಕೊಡ ಕಾಣೆಯಾಗಿತ್ತು. ಗುರುಗಳು ಶಿಷ್ಯರನ್ನೆಲ್ಲ ಕೂರಿಸಿಕೊಂಡು, "ಕದ್ದವನು ನನ್ನ ಮುಂದೆ ತಲೆ ತಗ್ಗಿಸಿಯೇ ತಗ್ಗಿಸುತ್ತಾನೆ" ಎಂದಿದ್ದರು. ಆಗ ಮರುಳಯ್ಯ ತಲೆ ತಗ್ಗಿಸಿದ್ದ.

"ಕದ್ದವನು ತಲೆ ತಗ್ಗಿಸುತ್ತಾನೆ ಎಂದು ನೀವೇ ಹೇಳಿದಿರಿ. ಅವನು ತಗ್ಗಿಸಿದ. ಅಂದಮೇಲೆ ಕದ್ದವನು ಅವನೇ. ಎರಡೂ ಒಂದೇ ಮಾತಲ್ಲವೇ?"

ಗುರುಗಳು ಹಣೆ ಚಚ್ಚಿಕೊಂಡರು. "ಒಂದೇ ಅಲ್ಲ ಮಹಾರಾಯ! ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕತೆಯನ್ನಾದರೂ ಕೇಳು."

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಸಿಡುಬು ಎದ್ದ ಮನೆಯೊಳಗೆ ಅವಳು ಹೋಗುತ್ತಿರಲಿಲ್ಲ. ಹೋದರೆ ಅದು ತನ್ನ ಕೈಯಿಂದ ಎಳೆಗೂಸುಗಳಿಗೆ ಅಂಟೀತು ಎಂಬ ಭಯ. ಸರಿಯಾದ ಭಯವೇ. ಸಿಡುಬು ಎದ್ದ ಮನೆಯವರು ತಪ್ಪದೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ಆ ಊರಿನ ಪದ್ಧತಿ. ಆದ್ದರಿಂದ ಸೊಪ್ಪಿಲ್ಲದ ಬಾಗಿಲು ಕಂಡರೆ, ಇಲ್ಲಿ ಸಿಡುಬಿಲ್ಲ ಎಂದು ಧೈರ್ಯವಾಗಿ ಒಳಗೆ ಹೋಗುತ್ತಿದ್ದಳು. ಒಮ್ಮೆಯೂ ಮೋಸ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅದು ಊರಿನ ಪದ್ಧತಿಯನ್ನೇ ಇನ್ನೊಂದು ಕಡೆಯಿಂದ ಹೇಳಿದ ಮಾತು.

ಒಂದು ದಿನ ಒಬ್ಬ ರೈತನ ಹೆಂಡತಿಗೆ ನೋವು ಶುರುವಾಯಿತು. ಮಗು ಅಡ್ಡವಾಗಿತ್ತು. ಅದನ್ನು ತಿರುಗಿಸಿ ತೆಗೆಯಬಲ್ಲವಳು ಆ ಸೂಲಗಿತ್ತಿಯೊಬ್ಬಳೇ. ಹೇಳಿ ಕಳಿಸಿದರು, ಬಂದಳು. ಬಾಗಿಲಲ್ಲಿ ಬೇವಿನ ಸೊಪ್ಪು ಕಂಡಿತು. ಬಂದ ದಾರಿಯಲ್ಲೇ ವಾಪಸು ಹೋದಳು. ಹೊರಗೇ ನಿಂತು ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ, ಪುಣ್ಯಾತ್ಗಿತ್ತಿ!

ರೈತ ಕಾದು ಕಾದು ಅವಳ ಮನೆಗೇ ಓಡಿದ.

"ಯಾಕವ್ವಾ ಬರಲಿಲ್ಲ?"

"ಬಂದಿದ್ದೆನಪ್ಪಾ. ಬಾಗಿಲಲ್ಲಿ ಬೇವು ಕಟ್ಟಿದ್ದೀರಿ. ಸಿಡುಬಿನ ಮನೆಗೆ ಹೇಗೆ ಕಾಲಿಡಲಿ?"

"ಸಿಡುಬು ಯಾರಿಗೂ ಇಲ್ಲವ್ವಾ! ಬಸುರಿಗೆ ದೃಷ್ಟಿ ತಾಗಬಾರದು ಎಂದು ನನ್ನ ತಾಯಿ ಕಟ್ಟಿದ್ದು."

ಇಬ್ಬರೂ ಓಡಿದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಗುರುಗಳು ಕತೆ ಮುಗಿಸಿದರು. ಆಮೇಲೆ ಮತ್ತೆ ಸಿಟ್ಟು ಬಂತು.

"ಸಿಡುಬಿದ್ದರೆ ಸೊಪ್ಪಿರುತ್ತದೆ. ಸೊಪ್ಪಿಲ್ಲದಿದ್ದರೆ ಸಿಡುಬಿಲ್ಲ. ಇವೆರಡೂ ಒಂದೇ ಮಾತು. ಸೊಪ್ಪಿದ್ದರೆ ಸಿಡುಬಿದೆ ಎಂಬುದು ಬೇರೆಯೇ ಮಾತು. ಅದನ್ನು ಊರಲ್ಲಿ ಯಾರೂ ಹೇಳಿರಲಿಲ್ಲ, ಅವಳೇ ಸೇರಿಸಿಕೊಂಡಳು. ನೀನೂ ಅಷ್ಟೆ! ತಲೆ ಎತ್ತಿ ಕೂತವನು ಕಳ್ಳನಲ್ಲ ಎನ್ನು, ಒಪ್ಪುತ್ತೇನೆ. ತಲೆ ತಗ್ಗಿಸಿದವರೆಲ್ಲ ಕಳ್ಳರು ಎಂದು ನಾನು ಯಾವಾಗ ಹೇಳಿದೆ? ಮಠ ಬಿಟ್ಟರೆ ಮರುಳಯ್ಯನಿಗೆ ಬೇರೆ ಯಾರಿದ್ದಾರೆ, ಯೋಚಿಸಿದೆಯಾ?"

ಶಿಷ್ಯ ನಾಚಿ ತಲೆ ತಗ್ಗಿಸಿದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಹಾಗಾದರೆ, ಕೊಡ ಎಲ್ಲಿಟ್ಟಿದ್ದೀಯಪ್ಪಾ?"