ತಂತಿ ಬಿಗಿದ ಬಾಯಿ

"ಕೇಳ್ರಪ್ಪೋ ಕೇಳಿ! ಬಂಡೆಬಾವಿಯ ಕಂಪ್ರೆಸರಿನೊಳಗೆ ದೆವ್ವ ಹೊಕ್ಕಿದೆ. ಅದು ಕೇಳುವ ಮೂರು ಒಗಟು ಬಿಡಿಸಿದವರಿಗೆ ಗುಮ್ಮಟರಾಯರು ಅರ್ಧ ರಾಜ್ಯ ಕೊಡುತ್ತಾರೆ. ಒಂದು ತಪ್ಪಿದರೂ ಪ್ರಾಣ ಹೋಗುತ್ತದೆ, ಅದಕ್ಕೆ ಅರಮನೆ ಜವಾಬ್ದಾರಿಯಲ್ಲ!"

ಹೀಗಂತ ಡಂಗುರ ಸಾರಿದರು. ಜವಾಬ್ದಾರಿಯಲ್ಲವಂತೆ! ದೊಡ್ಡವರ ಮಾತು ಯಾವತ್ತೂ ಹಾಗೇ ಬಿಡಿ. ಊರಿಗೆ ಕುಡಿಯುವ ನೀರು ಬೇಕೆಂದು ಬಂಡೆ ಕೊರೆದು ಬಾವಿ ತೋಡುತ್ತಿದ್ದರು. ಕೊರೆಯುವ ಯಂತ್ರಕ್ಕೆ ಗಾಳಿ ಕೊಡುತ್ತಿದ್ದ ಕಂಪ್ರೆಸರಿನ ಟ್ಯಾಂಕು ಹೋದ ವರ್ಷ ಸಿಡಿದು, ಅದನ್ನು ನಡೆಸುತ್ತಿದ್ದ ಪೀರಣ್ಣ ಸತ್ತ. ಹೊಸ ಟ್ಯಾಂಕು ತಂದು ಕೂರಿಸಿದರೆ ಅದರೊಳಗಿಂದ ಪೀರಣ್ಣನ ಕೆಮ್ಮು ಕೇಳಿಸತೊಡಗಿತು. ಗುಂಡಿ ಒತ್ತಲು ಹೋದವರ ಕೈ ಮಂಜುಗಡ್ಡೆಯಾಯಿತು.

ಮಟಮಟ ಮಧ್ಯಾಹ್ನ, ಬಾವಿಯ ಬಳಿ ಸಿಂಹಾಸನ ಹಾಕಿಸಿ ಕೂತಿದ್ದ ರಾಜನ ಎದುರಿಗೇ ಸೇನಾಪತಿಯ ಮಗ ಮುಂದೆ ಬಂದ. ಟ್ಯಾಂಕು ಕೇಳಿತು: "ಯಾರೂ ನೀರು ಹುಯ್ದಿಲ್ಲ, ಆದರೂ ಹೊಟ್ಟೆಯಲ್ಲಿ ನೀರು. ದಿನಾ ಹೊರಗೆ ಬಿಡದಿದ್ದರೆ ಆ ನೀರೇ ನನ್ನ ಹೊಟ್ಟೆ ತಿನ್ನುತ್ತದೆ. ನಾನ್ಯಾರು?"

"ಇಷ್ಟೇನಾ? ತೆಂಗಿನಕಾಯಿ!" ಎಂದು ಮೀಸೆ ತಿರುವಿದ. ಬುಸ್ಸೆಂದು ಗಾಳಿ ಬಂತು. ಉಸಿರಿಲ್ಲದೆ ಬಿದ್ದ.

ಆಮೇಲೆ ಆಸ್ಥಾನ ಪಂಡಿತರು ಬಂದರು. ಮೊದಲನೆಯದನ್ನು ಬಿಡಿಸಿದರು, ಸುಳ್ಳು ಯಾಕೆ ಹೇಳಲಿ. ಎರಡನೆಯದು ಬಂತು: "ಹಸಿವಾದಾಗ ತಾನೇ ಎದ್ದು ಉಣ್ಣಲು ಕೂರುತ್ತಾನೆ, ಹೊಟ್ಟೆ ತುಂಬಿದ ತಕ್ಷಣ ತಾನೇ ಕೈ ತೊಳೆಯುತ್ತಾನೆ. ಯಾರವನು?"

"ಯೋಗಿ," ಎಂದರು ಪಂಡಿತರು. ಅವರ ಶಲ್ಯವನ್ನೇ ಅವರ ಮುಖಕ್ಕೆ ಹೊದಿಸಬೇಕಾಯಿತು.

ಗುಂಪಿನ ಹಿಂದೆ ಕೊಟ್ರ ನಿಂತಿದ್ದ. ಪೀರಣ್ಣನ ಜೊತೆ ಆರು ವರ್ಷ ಗ್ರೀಸು ಮೆತ್ತಿಕೊಂಡು ದುಡಿದವನು. ಎರಡೂ ಉತ್ತರ ಅವನಿಗೆ ಗೊತ್ತಿದ್ದವು. ಮೂರನೆಯದು ಏನಿರುತ್ತದೆಂದೂ ಗೊತ್ತಿತ್ತು, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಆ ಟ್ಯಾಂಕು ಸಿಡಿಯಲು ತನ್ನ ಕೈಯೂ ಕಾರಣ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪಂಡಿತರ ಹೆಣ ನೋಡಿ, ತಾನು ಸುಮ್ಮನಿದ್ದಷ್ಟು ದಿನವೂ ಹೆಣ ಬೀಳುತ್ತವೆ ಎನ್ನಿಸಿ ಮುಂದೆ ಬಂದ.

"ಪೀರು ಮಾಮ, ನಾನು ಕೊಟ್ರ. ಮೊದಲನೆಯದು ಈ ಟ್ಯಾಂಕು. ಗಾಳಿ ತಣ್ಣಗಾದರೆ ತಳದಲ್ಲಿ ನೀರು ನಿಲ್ಲುತ್ತೆ, ಕೆಳಗಿನ ನಲ್ಲಿ ತಿರುಗಿಸಿ ದಿನಾ ಬಿಡದಿದ್ದರೆ ಕಬ್ಬಿಣವನ್ನು ತುಕ್ಕು ತಿನ್ನುತ್ತೆ. ಎರಡನೆಯದು ಪ್ರೆಷರ್ ಸ್ವಿಚ್ಚು. ಒತ್ತಡ ಇಳಿದರೆ ಮೋಟಾರು ಶುರು ಮಾಡುತ್ತೆ, ತುಂಬಿದರೆ ನಿಲ್ಲಿಸುತ್ತೆ."

ಒಳಗಿನ ಕೆಮ್ಮು ನಿಂತಿತು. "ಹೌದಪ್ಪ. ಈಗ ಕೇಳು. ವರ್ಷವಿಡೀ ಸುಮ್ಮನಿರುವವಳು, ಅಪಾಯ ಬಂದಾಗ ಮಾತ್ರ ಕಿರುಚಿ ಎಲ್ಲರನ್ನೂ ಉಳಿಸುವವಳು. ಅವಳ ಬಾಯಿಗೆ ತಂತಿ ಬಿಗಿದವರು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಗುಮ್ಮಟರಾಯರು ಸಿಂಹಾಸನದಿಂದ ಎದ್ದರು. "ಏಯ್, ಯೋಚಿಸಿ ಹೇಳು!"

ಹೇಳಿದರೆ ರಾಜ ಬಿಡುವುದಿಲ್ಲ, ಹೇಳದಿದ್ದರೆ ದೆವ್ವ ಬಿಡುವುದಿಲ್ಲ.

"ಅವಳು ಸೇಫ್ಟಿ ವಾಲ್ವು," ಎಂದ ಕೊಟ್ರ. "ಬಾವಿ ಬೇಗ ಆಗಲಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪು ಗೆರೆ ದಾಟಲಿ ಅಂತ ಮಹಾಪ್ರಭುಗಳು ಅಪ್ಪಣೆ ಮಾಡಿದರು. ವಾಲ್ವು ಮತ್ತೆ ಮತ್ತೆ ಕಿರುಚಿ ಗಾಳಿ ಬಿಡುತ್ತಿತ್ತು. ಅದನ್ನು ಕಟ್ಟು ಎಂದರು. ನೀನು ಬುತ್ತಿ ಬಿಚ್ಚಲು ಹೋಗಿದ್ದೆ ಮಾಮ. ಅಪ್ಪಣೆ ಅವರದು. ಆದರೆ ತಂತಿ ಬಿಗಿದ ಕೈ ನನ್ನದು. ನೀನು ವಾಪಸ್ ಬಂದಾಗ ಹೇಳಬಹುದಿತ್ತು. ಹೇಳಲಿಲ್ಲ."

ಟ್ಯಾಂಕಿನೊಳಗೆ ಯಾರೋ ಕೂತಲ್ಲಿಂದ ಎದ್ದ ಸದ್ದಾಯಿತು.

"ನನಗೆ ಗೊತ್ತಿತ್ತು ಕಣೋ. ಮುಳ್ಳು ನೋಡಿ ತಲೆ ಎತ್ತಿದಾಗ ತಂತಿ ಕಂಡಿತ್ತು, ಬಿಚ್ಚಲು ಹೊತ್ತಿರಲಿಲ್ಲ. ನಿನ್ನ ಬಾಯಿಂದ ಕೇಳಬೇಕಿತ್ತು." ತಳದ ನಲ್ಲಿಯಿಂದ ತುಕ್ಕುನೀರು ತಾನಾಗಿ ಹರಿಯಿತು. ಆಮೇಲೆ ಟ್ಯಾಂಕಿನೊಳಗೆ ಯಾರೂ ಇರಲಿಲ್ಲ.

ಜನರೆಲ್ಲ ತನ್ನನ್ನೇ ನೋಡುತ್ತಿದ್ದುದರಿಂದ ರಾಜನಿಗೆ ಕೊಟ್ರನನ್ನು ಶಿಕ್ಷಿಸುವ ಧೈರ್ಯ ಬರಲಿಲ್ಲ. "ಅರ್ಧ ರಾಜ್ಯ..." ಎಂದು ತೊದಲಿದರು ಗುಮ್ಮಟರಾಯರು.

"ಬೇಡ ಬುದ್ಧಿ. ಈ ಯಂತ್ರದ ಬೀಗದ ಕೈ ಕೊಡಿ. ನಾನು ನಿಲ್ಲಿಸಿದರೆ, ನಡೆಸು ಅಂತ ತಾವೂ ಹೇಳಬಾರದು."

ಬೀಗದ ಕೈ ಕೊಟ್ಟರು, ಕೊಡದೆ ಏನು ಮಾಡುತ್ತಾರೆ? ಕೊಟ್ರ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಂತ್ರ ಶುರು ಮಾಡದೆ, ನೇರ ಪೀರಣ್ಣನ ಮನೆಗೆ ನಡೆದ. ಅಲ್ಲಿ ಒಗಟು ಕೇಳುವವರು ಯಾರೂ ಇರಲಿಲ್ಲ. ಪೀರಣ್ಣನ ಹೆಂಡತಿ ಜೈನಬ್ಬಿ ಹೊಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. "ಬಾಪ್ಪ ಕೊಟ್ರ, ಊಟ ಆಯ್ತಾ?" ಎಂದಳು. ತಂತಿ ಬಿಗಿದ ಕೈ ತನ್ನದೆಂಬ ಮಾತನ್ನು ಅವನು ಈಗ ಎರಡನೆಯ ಸಲ ಹೇಳಬೇಕಿತ್ತು.