ಕಾಣದ ಸವತಿ

ಶಿಷ್ಯನೊಬ್ಬ ಕೇಳಿದ: “ಗುರುಗಳೆ, ಜೊತೆಯವನ ಹಾಡನ್ನು ಜನ ಮೆಚ್ಚಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಜಪ ಮಾಡಿದೆ, ಉಪವಾಸ ಮಾಡಿದೆ, ಆರಲಿಲ್ಲ. ಈ ಉರಿ ಇರುವವರೆಗೆ ನನ್ನಿಂದ ಒಳ್ಳೆಯದೇನಾದರೂ ಆದೀತೆ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ಪಂಪವ್ವ ದೊಡ್ಡ ದೈವಭಕ್ತೆ. ಗಾಣದಿಂದ ಇಳಿದ ಮೊದಲ ಎಣ್ಣೆ ಅವಳ ಕೈಯಿಂದ ಗುಡಿಯ ದೀಪಕ್ಕೆ ಹೋಗುತ್ತಿತ್ತು. ಬಾಗಿಲಿಗೆ ಬಂದವರು ಉಣ್ಣದೆ ಅವಳು ಉಣ್ಣುತ್ತಿರಲಿಲ್ಲ. ಅವಳಿಗೊಂದು ಹೆಣ್ಣುಕೂಸು ಹುಟ್ಟಿತು; ಕೂಸಿಗೆ ವರ್ಷ ತುಂಬುವ ಮೊದಲೇ ಪಂಪವ್ವ ಜ್ವರ ಬಂದು ತೀರಿಕೊಂಡಳು. ಗಾಣಿಗನ ಮುದಿ ತಾಯಿಗೆ ಕೂಸಿನ ಆರೈಕೆ ಕೈಲಾಗಲಿಲ್ಲ. ಅವನು ಹಾಲವ್ವ ಎಂಬವಳನ್ನು ಮದುವೆಯಾದ.

ಹಾಲವ್ವ ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಕೂಸು ಅವಳನ್ನೇ ಅವ್ವ ಎಂದಿತು. ಅಷ್ಟರ ಮಟ್ಟಿಗೆ ಅವಳಿಗೆ ಸುಖ. ಆದರೆ ಅವಳು ದೀಪ ಹಚ್ಚಿದರೆ, ಪಂಪವ್ವ ಇನ್ನೂ ಬೇಗ ಹಚ್ಚುತ್ತಿದ್ದಳು ಎಂದು ನೆರೆಯವರು ಹೇಳುವರು. ರೊಟ್ಟಿ ಬಡಿದರೆ, ಪಂಪವ್ವ ಹಾಡುತ್ತ ಬಡಿಯುತ್ತಿದ್ದಳು ಎಂದು ಅತ್ತೆ ಹೇಳುವಳು. ಗಂಡ ಏನೂ ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಅವಳು ಕೊಟ್ಟ ಮಜ್ಜಿಗೆ ಕುಡಿದು ನಿಟ್ಟುಸಿರಿಟ್ಟ. ಎಲ್ಲರ ಮಾತಿಗಿಂತ ಆ ನಿಟ್ಟುಸಿರು ಅವಳನ್ನು ಹೆಚ್ಚು ಸುಟ್ಟಿತು. ಬದುಕಿದ್ದ ಸವತಿಯಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಯಾರೂ ಇಷ್ಟು ಒಳ್ಳೆಯವರಿರಲಾರರು, ಎಲ್ಲೋ ಒಂದು ಹುಳುಕು ಇದ್ದೇ ಇರಬೇಕು ಎಂದು ಹಾಲವ್ವನಿಗೆ ಅನ್ನಿಸಿತು. ಅದನ್ನು ಹುಡುಕಲು ಹೊರಟಳು. ಹೂವಾಡಗಿತ್ತಿಯನ್ನು ಕೇಳಿದಳು, ಪೂಜಾರಿಯನ್ನು ಕೇಳಿದಳು, ಅತ್ತೆಯ ಕಾಲೊತ್ತುತ್ತ ಕೇಳಿದಳು. ಸತ್ತವಳ ಮೇಲೆ ಇವಳಿಗೆಷ್ಟು ಗೌರವ ಎಂದುಕೊಂಡು ಅವರು ನೆನಪಿದ್ದುದನ್ನೆಲ್ಲ ಹೇಳಿದರು. ಪಂಪವ್ವನ ಹಾಡಿಗೆ ರಾಗವೇ ಇರಲಿಲ್ಲ. ಅವಳಿಗೆ ಕಪ್ಪೆ ಕಂಡರೆ ಭಯ. ಒಮ್ಮೆ ಭಿಕ್ಷುಕನೊಬ್ಬನನ್ನು ಗದರಿ ಕಳಿಸಿ, ಮನಸ್ಸು ತಡೆಯದೆ ಮೂರು ಓಣಿ ಓಡಿ ಅವನನ್ನು ಕರೆತಂದು ಉಣ್ಣಿಸಿದ್ದಳು. ಸಾಯುವ ದಿನ ಜಪಮಣಿಯನ್ನು ಬದಿಗಿಟ್ಟು ಕೂಸನ್ನು ಎದೆಗೆ ಹಾಕಿಕೊಂಡಿದ್ದಳು. ಹಾಲವ್ವ ಇವುಗಳಲ್ಲಿ ಒಂದನ್ನೂ ಮರೆಯಲಿಲ್ಲ.

ಕೊನೆಗೆ ಸೂಲಗಿತ್ತಿಯಿಂದ ಅವಳಿಗೆ ಬೇಕಾದುದು ಸಿಕ್ಕಿತು. ಬಸುರಿಯಾಗಿದ್ದಾಗ ಶಿವರಾತ್ರಿಯ ದಿನ ಹಸಿವು ತಾಳಲಾರದೆ ಪಂಪವ್ವ, ದೇವರಿಗೆಂದು ಮಾಡಿದ ನೈವೇದ್ಯವನ್ನು ಪೂಜೆಗೆ ಮೊದಲೇ ಕದ್ದು ತಿಂದಿದ್ದಳು. ಹಾಲವ್ವ ಅದನ್ನು ಯಾರಿಗೂ ಹೇಳಲಿಲ್ಲ. ಊರು ಪಂಪವ್ವನನ್ನು ಹೊಗಳಿದಾಗಲೆಲ್ಲ, ನನಗೊಂದು ಗೊತ್ತಿದೆ ಎಂದು ಒಳಗೊಳಗೇ ತಣಿಯುತ್ತಿದ್ದಳು.

ವರ್ಷಗಳು ಕಳೆದವು. ಅತ್ತೆ ಹೋದಳು, ಸೂಲಗಿತ್ತಿ ಹೋದಳು, ಹೂವಾಡಗಿತ್ತಿ ಊರು ಬಿಟ್ಟಳು. ಪೂಜಾರಿಗೆ ಅರಳುಮರಳಾಯಿತು. ಮಗಳ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ಹೆತ್ತವಳ ಹೆಸರಿನಲ್ಲಿ ಎಡೆ ಇಡುವ ದಿನ ಬಂದಾಗ ಹುಡುಗಿ ಅಪ್ಪನ ಬಳಿ ಹೋಗಿ, ಅವಳು ಹೇಗಿದ್ದಳು ಎಂದು ಕೇಳಿದಳು. ಅವನು ಬಹಳ ಹೊತ್ತು ಯೋಚಿಸಿ, ಒಳ್ಳೆಯವಳು, ಬಹಳ ಒಳ್ಳೆಯವಳು ಎಂದ. ಅದರಾಚೆ ಅವನಿಗೆ ಏನೂ ನೆನಪಿಗೆ ಬರಲಿಲ್ಲ.

ಹುಡುಗಿ ಹಾಲವ್ವನ ಬಳಿಗೆ ಬಂದಳು. ಹಾಲವ್ವ ಎಡೆಗೆಂದು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು.

“ಅವ್ವ, ಎಲ್ಲರೂ ಒಳ್ಳೆಯವಳು ಅನ್ನುತ್ತಾರೆ. ಅಷ್ಟರಿಂದ ನನಗೆ ಅವಳ ಮುಖ ಕಾಣುವುದಿಲ್ಲ. ನಿನಗೇನಾದರೂ ಗೊತ್ತೆ?”

ಹಾಲವ್ವನ ಕೈ ನಿಂತಿತು. ನಾನು ಅವಳನ್ನು ಕಂಡವಳಲ್ಲ ಎಂದರೆ ಅದು ಸುಳ್ಳೂ ಅಲ್ಲ. ಆ ಒಂದು ಮಾತಿಗೆ ಪಂಪವ್ವ ಅಲ್ಲಿಗೆ ಮುಗಿದುಹೋಗುವಳು. ಮಗಳಿಗೆ ಅವ್ವ ಎಂದರೆ ತಾನೊಬ್ಬಳೇ ಉಳಿಯುವಳು. ಹದಿನೆಂಟು ವರ್ಷ ಅವಳು ಬಯಸಿದ್ದು ಅದನ್ನೇ.

“ಕೂತುಕೋ, ಮಗಳೆ,” ಎಂದಳು.

ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ಹೇಳಿದಳು. ರಾಗವಿಲ್ಲದ ಹಾಡನ್ನು, ಕಪ್ಪೆಯ ಭಯವನ್ನು, ಭಿಕ್ಷುಕನ ಹಿಂದೆ ಓಡಿದ್ದನ್ನು, ಬದಿಗಿಟ್ಟ ಜಪಮಣಿಯನ್ನು ಹೇಳಿದಳು. ಕದ್ದು ತಿಂದ ನೈವೇದ್ಯಕ್ಕೆ ಬಂದಾಗ ಸ್ವಲ್ಪ ತಡೆದಳು. ಆಮೇಲೆ, ಆ ಹಸಿವು ನಿನ್ನದು, ನೀನು ಹೊಟ್ಟೆಯಲ್ಲಿದ್ದೆ ಎಂದು ಅದನ್ನೂ ಹೇಳಿದಳು. ಹುಡುಗಿ ನಕ್ಕಳು. ನಗುತ್ತಲೇ ಅತ್ತಳು. ಸಂಜೆ ಎಡೆಯ ಮುಂದೆ ಕೂತು, ಸತ್ತವಳನ್ನು ಮೊದಲ ಬಾರಿಗೆ ಅವ್ವ ಎಂದು ಕರೆದಳು. ಹಾಲವ್ವ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

“ಅಂದಿಗೆ ಅವಳ ಉರಿ ಆರಿತು, ಅಲ್ಲವೆ ಗುರುಗಳೆ?”

“ಇಲ್ಲ, ಅಂದು ಎಂದಿಗಿಂತ ಹೆಚ್ಚು ಉರಿಯಿತು; ಆ ಉರಿಯಲ್ಲೇ ಅವಳು ಇಷ್ಟನ್ನೂ ಹೇಳಿದ್ದು.”