ಅಡುಗೆಮನೆಯ ಕಾಫಿ ಮಶಿನ್ ಮೊದಲು ಗುಂಯ್ ಅನ್ನುವುದೇಕೆ?

ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಒಂದೆಡೆ ಕೂರಲು ಕಲಿತಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿ ಗೊತ್ತಿರಲಿಲ್ಲ. ಆಗ ದುಂಬವ್ವ ಅಂತ ಒಂದು ದುಂಬಿ ಇದ್ದಳು. ಅವಳಿಗೆ ಒಂದು ಗಳಿಗೆಯೂ ಸುಮ್ಮನಿರಲು ಬರುತ್ತಿರಲಿಲ್ಲ. ಕೂತರೂ ಗುಂಯ್, ನಿಂತರೂ ಗುಂಯ್.

ಆ ದಿನವಂತೂ ಅವಳು ಅತ್ತಿಂದಿತ್ತ ಹಾರುತ್ತಲೇ ಇದ್ದಳು. ಅವಳು ಮೊಟ್ಟೆ ಇಟ್ಟಿದ್ದ ಒಣ ಬಿದಿರಿನ ತುಂಡು ಪುಟ್ಟೀರಮ್ಮನೆಂಬ ಅಜ್ಜಿಯ ಅಂಗಳದಲ್ಲಿ ಬಿದ್ದಿತ್ತು. ಮೇಲೆ ಮೋಡ ಕಟ್ಟುತ್ತಿತ್ತು. ಬಿದಿರು ಒಳಗೆ ನೆನೆದರೆ ಮರಿಗಳು ಉಳಿಯುವುದಿಲ್ಲ.

"ಅಜ್ಜಿ, ಅದನ್ನ ನಿಮ್ಮ ಒಲೆ ಮೇಲಿನ ಅಟ್ಟದಲ್ಲಿ ಇಡ್ತೀರಾ?" ಎಂದು ದುಂಬವ್ವ ಬೇಡಿದಳು.

ಪುಟ್ಟೀರಮ್ಮ ಕಾಫಿ ಸೋಸುವ ಕೊಳವೆಯ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು. "ಬೆಳಗ್ಗಿಂದ ಒಂದು ಗುಟುಕು ಕಾಫಿ ಇಲ್ಲ ಕಣವ್ವ, ತಲೆ ಸಿಡೀತಾ ಇದೆ. ಈ ಕೊಳವೆಯಿಂದ ಕಾಫಿ ಇಳಿಸಿಕೊಟ್ಟವರಿಗೇ ಅಟ್ಟ."

ತಪ್ಪು ಅಜ್ಜಿಯದೇ. ಘಮ ಓಡಿಹೋದೀತೆಂದು ಹೆದರಿ, ಕೊಳವೆಯೊಳಗೆ ಪುಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದಳು. ಮೇಲೆ ಹೊಯ್ದ ಬಿಸಿನೀರು ಮೊಂಡು ಹಿಡಿದು ಅಲ್ಲೇ ಕೂತಿತ್ತು. "ದಾರಿ ಇಲ್ಲ, ನಾನು ಹೋಗಲ್ಲ," ಅನ್ನುತ್ತಿತ್ತು ನೀರು.

ಅಷ್ಟರಲ್ಲಿ ಹೊಳೆಯಿಂದ ಸುಳಿರಾಯನೆಂಬ ನೀರಸುಳಿ ಬಂದ. ತಣ್ಣೀರಲ್ಲಿ ಸುತ್ತಿ ಸುತ್ತಿ ಬೇಸತ್ತ ಅವನಿಗೂ ಬೆಚ್ಚಗಿನ ಜಾಗ ಬೇಕಿತ್ತು. "ಸರಿ ಆಚೆ, ಪುಟಾಣಿ. ಇದು ಬಲ ಇದ್ದೋರ ಕೆಲಸ," ಎಂದ.

ಸುಳಿರಾಯ ಕೊಳವೆಗಿಳಿದು ಗಿರಗಿರನೆ ತಿರುಗಿದ. ಸದ್ದಿಲ್ಲ, ನಡುಕವಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅವನ ಬಲವೆಲ್ಲ ನೀರಿನ ಬೆನ್ನ ಮೇಲೆ ಬಿತ್ತು. ಒಣ ಪುಡಿ ಬೆಚ್ಚಿ ಒಂದು ಪಕ್ಕ ಬಿರುಕು ಬಿಟ್ಟಿತು. ನೀರೆಲ್ಲ ಆ ಬಿರುಕಿನಲ್ಲೇ ನುಗ್ಗಿ ಬಟ್ಟಲಿಗೆ ಬಿತ್ತು.

ಪುಟ್ಟೀರಮ್ಮ ಬಾಯಿಗಿಟ್ಟು ಮುಖ ಕಿವುಚಿದಳು. "ಇದು ಕಾಫಿಯಾ? ಪಾತ್ರೆ ತೊಳೆದ ನೀರು."

ಅಜ್ಜಿ ಮತ್ತೆ ಪುಡಿ ತುಂಬಿದಳು, ಮತ್ತೆ ಅಷ್ಟೇ ಒತ್ತಿದಳು. ಹುಟ್ಟುಗುಣ ಬಿಟ್ಟೀತೆ? ಬಿಸಿನೀರು ಹೊಯ್ದು ಬಿರಡೆ ಹಾಕಿದಳು. ಅಂಗಳದಲ್ಲಿ ಮೊದಲ ಹನಿ ಟಪ್ಪೆಂದು ಬಿತ್ತು.

ದುಂಬವ್ವ ಬಿರಡೆಯ ಮೇಲೆ ಕೂತು ನಡುಗತೊಡಗಿದಳು. ಗುಂಯ್, ಗುಂಯ್. ಒಂದೊಂದು ತಳ್ಳೂ ಸಾಸಿವೆಯಷ್ಟು. ಕೆಳಗೆ ಬಟ್ಟಲು ಖಾಲಿ. ಗುಂಯ್, ಗುಂಯ್. ಬಟ್ಟಲು ಇನ್ನೂ ಖಾಲಿ.

"ಒಂದೇ ಸಲ ಜೋರಾಗಿ ತಳ್ಳಬಾರದೇನೇ?" ಎಂದು ಸುಳಿರಾಯ ನಕ್ಕ.

ಅವಳಿಗೂ ಅದೇ ಆಸೆ. ಬಲವೇ ಇಲ್ಲವಲ್ಲ. ಅವಳಿಗೆ ಅಳು ಬಂತು. ಹೊರಗೆ ಹನಿಗಳು ಹೆಚ್ಚುತ್ತಿದ್ದವು. ಅವಳು ಅಳುತ್ತಲೇ ತಳ್ಳಿದಳು.

ಆದರೆ ಕೊಳವೆಯೊಳಗೆ ಬೇರೆಯೇ ನಡೆದಿತ್ತು. ನೀರು ಮೆಲ್ಲಗೆ ಪುಡಿಯೊಳಗೆ ಇಳಿಯಿತು. ಪುಡಿ ಬೆಚ್ಚಲಿಲ್ಲ, ನೀರು ಕುಡಿದು ಉಬ್ಬಿ ಒಂದಕ್ಕೊಂದು ಆತುಕೊಂಡಿತು. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಾಗೆ ತಳ್ಳಿನ ಮೇಲೆ ತಳ್ಳು ಕೂಡಿ ಒತ್ತಡ ಏರಿತು, ಏರಿತು. "ಇನ್ನು ತಡೆಯೋಕಾಗಲ್ಲ ತಾಯಿ, ಹೋಗ್ತೀನಿ," ಎಂದಿತು ನೀರು.

ಒಂದು ತೊಟ್ಟು. ಇನ್ನೊಂದು ತೊಟ್ಟು. ಆಮೇಲೆ ಜೇನಿನಂಥ ಎಳೆ.

ಒಂದೇ ಗುಟುಕಿಗೆ ಅಜ್ಜಿ ಅಂಗಳಕ್ಕೆ ಓಡಿದಳು. ಬಿದಿರನ್ನು ಸೆರಗಿನಲ್ಲಿ ಒರೆಸುತ್ತ ತಂದಳು.

"ನೆನೆದಿದ್ಯಾ?" ದುಂಬವ್ವ ಬಿದಿರಿನ ಸುತ್ತ ಹಾರುತ್ತ ಕೇಳಿದಳು.

"ಮೇಲಷ್ಟೇ ಕಣವ್ವ. ಒಳಗೆ ನೆನೆದಿಲ್ಲ," ಎಂದು ಅಜ್ಜಿ ಅಟ್ಟದ ಮೇಲಿಟ್ಟಳು. ಸುಳಿರಾಯನಿಗೆ, "ನಿನ್ನ ಬಲಕ್ಕೆ ನೂರು ಜನ ಕುಡಿಯೋ ಮನೆ ಸರಿ. ಅಲ್ಲಿ ಮೊದಲು ಪುಡಿ ನೆನೆಯೋಕೆ ಬಿಡಪ್ಪ," ಎಂದಳು.

ಅದಕ್ಕೇ ಮಗು, ದೊಡ್ಡ ಹೋಟೆಲಿನ ಕಾಫಿ ಮಶಿನ್ನಿನಲ್ಲಿ ಪಂಪು ಸುಳಿರಾಯನಂತೆ ತಿರುಗಿ, ಹೆಚ್ಚು ಸದ್ದಿಲ್ಲದೆ ಥಟ್ಟನೆ ಒತ್ತಡ ಕೊಡುತ್ತದೆ. ನಿಮ್ಮ ಅಡುಗೆಮನೆಯ ಪುಟ್ಟ ಮಶಿನ್ನಿನಲ್ಲಿ ಪಂಪು ದುಂಬವ್ವನಂತೆ ನಡುಗುತ್ತ, ಗುಂಯ್‌ಗುಡುತ್ತ, ಮೆಲ್ಲಗೆ ಒತ್ತಡ ಏರಿಸುತ್ತದೆ. ಖಾಲಿ ಬಟ್ಟಲು ನೋಡುತ್ತ ನೀನು ಚಡಪಡಿಸುವ ಆ ಗಳಿಗೆಯಲ್ಲಿ, ಮಳೆಗೆ ಮುಂಚೆ ಮರಿಗಳನ್ನು ಒಳಗೆ ತರಲು ದುಂಬವ್ವ ಇನ್ನೂ ತಳ್ಳುತ್ತಲೇ ಇರುತ್ತಾಳೆ.